ನಾಗರತ್ನ ಚಂದಕವಾಡಿಗೆ ಹೋಗಿ ಬಂದದ್ದು

ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಬರುವ ರಸ್ತೆಯಲ್ಲಿ ಹಸಿರು ಪರದೆ ಹೊದ್ದ ನಾಲ್ಕು ಉದ್ದನೆಯ ಚಪ್ಪರಗಳು ಕಾಣುತ್ತವೆ. ಅದು ನಾಗರತ್ನಳ ಸಸಿ ನರ್ಸರಿ. ಟೊಮ್ಯಾಟೊ, ಮೆಣಸಿನಕಾಯಿ, ಕೋಸು, ಚೆಂಡು ಹೂ, ಯಾವ ಸಸಿ ಬೇಕಾದರೂ ಸುತ್ತಲಿನ ರೈತರು ಮೊದಲು ಅಲ್ಲಿ ವಿಚಾರಿಸಿ ಆಮೇಲೆ ಮುಂದಕ್ಕೆ ಹೋಗುತ್ತಾರೆ. ಕೇರಳದ ಕಡೆಯ ಜೀಪುಗಳೂ ವಾರಕ್ಕೆ ಎರಡು ಮೂರು ಬಂದು ನಿಲ್ಲುತ್ತವೆ.

ಮರಿಮಲ್ಲಪ್ಪನವರ ಮನೆಗೆ ಸೊಸೆಯಾಗಿ ಬಂದಾಗ ನಾಗರತ್ನಳಿಗೆ ಇಪ್ಪತ್ತೊಂದು ವರ್ಷ. ಪಿಯುಸಿ ಮುಗಿಸಿದ್ದಳು. ಮಾವ ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತಿದ್ದರು. ಗಂಡ ಸೋಮೇಶ್ ತೆರಕಣಾಂಬಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಆಗೆಲ್ಲ ಒಳ್ಳೆಯ ಸಸಿ ಬೇಕೆಂದರೆ ರೈತರು ಟೆಂಪೊ ಮಾಡಿಕೊಂಡು ದೂರ ಹೋಗಬೇಕಿತ್ತು. ಮನೆ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಸಸಿ ಬಾಡಿ ಜೋಲುತ್ತಿದ್ದವು. ಹಾಗೆ ಮಾವ ತಂದಿಳಿಸಿದ ಮೆಣಸಿನ ಸಸಿಯನ್ನು ಒಂದು ದಿನ ನೋಡಿ ನಾಗರತ್ನ, "ಇದ್ನ ನಾವೇ ಹಿತ್ಲಲ್ಲಿ ಬೆಳಸ್ಕಬೋದಲ್ವಾ ಮಾವ?" ಅಂದಳು. ಮಾವ ನಕ್ಕುಬಿಟ್ಟರು. ಅತ್ತೆ ದೊಡ್ಡಮಲ್ಲಮ್ಮ ನಗಲಿಲ್ಲ. "ಬೆಳಿ ಮತ್ತೆ. ಇತ್ಲು ಸುಮ್ಕೆ ಬಿದ್ದದೆ," ಅಂದರು.

ಇನ್ನೂರು ಟ್ರೇಗಳಿಂದ ಶುರುವಾಯಿತು. ಒಂದು ಪ್ಲಾಸ್ಟಿಕ್ ಟ್ರೇಗೆ ತೊಂಬತ್ತೆಂಟು ಕುಳಿ. ಪ್ರತಿ ಕುಳಿಗೂ ತೆಂಗಿನ ನಾರಿನ ಪುಡಿ ತುಂಬಿ, ಬೆರಳ ತುದಿಯಿಂದ ಒತ್ತಿ, ಒಂದೇ ಒಂದು ಬೀಜ ಇಟ್ಟು ಮೇಲೆ ಪುಡಿ ಉದುರಿಸಬೇಕು. ಎರಡು ಬಿದ್ದರೆ ಬೀಜ ದಂಡ, ಬೀಳದೇ ಹೋದರೆ ಕುಳಿ ದಂಡ. ನೋಡುವುದಕ್ಕೆ ಮಕ್ಕಳಾಟ. ಆದರೆ ಬೆಳಗಿನಿಂದ ಸಂಜೆವರೆಗೆ ಕೂತು ಮಾಡುವಾಗ ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಹೋಗುವುದು ಯಾರಿಗೂ ತಪ್ಪಿದ್ದಲ್ಲ.

ಮೊದಲು ಸೇರಿದವರು ಇಬ್ಬರೇ. ಸಣ್ಣಮ್ಮ ಅದೇ ಊರಿನ ಕೆಳಗಿನ ಬೀದಿಯವಳು, ಮಾವನ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದವಳು. ಒಂದು ದಿನ ಹೆಂಗಸರೆಲ್ಲ ಸಾಲು ಮುಗಿಸಿ ನೆರಳಿಗೆ ಹೋದ ಮೇಲೂ ಅವಳೊಬ್ಬಳು ಹಿಂದೆ ಉಳಿದು, ಯಾರದೋ ಕುಡುಗೋಲು ತಾಗಿ ಬುಡ ಸಡಿಲಗೊಂಡ ಸಸಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ಮಣ್ಣು ಒತ್ತುತ್ತಿದ್ದಳು. ಯಾರೂ ಹೇಳಿರಲಿಲ್ಲ, ಯಾರೋ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತೂ ಇರಲಿಲ್ಲ. ಬದುವಿನ ಮೇಲೆ ಬುತ್ತಿ ಹಿಡಿದು ನಿಂತಿದ್ದ ನಾಗರತ್ನ ನೋಡಿದಳು. ಇನ್ನೊಬ್ಬ ಬೀರಯ್ಯ. ಕುರಿ ಕಾಯುತ್ತಿದ್ದವನು, ಕಿವಿ ಮಂದ. ಮೇಸ್ತ್ರಿ ಕೂಗಿದ್ದು ಕೇಳಿಸುವುದಿಲ್ಲವೆಂದು ಅವನನ್ನು ಯಾರೂ ಕೂಲಿಗೆ ಕರೆಯುತ್ತಿರಲಿಲ್ಲ. ನಾಗರತ್ನ ಅವನ ಕೈಗೆ ನೀರಿನ ಪೈಪು ಕೊಟ್ಟಳು. ಸಸಿಗಳಿಗೆ ಕೂಗಿ ಹೇಳುವುದಕ್ಕೇನಿತ್ತು? ಬೀರಯ್ಯ ಟ್ರೇಯನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡುತ್ತಿದ್ದ, ಒಮ್ಮೆ ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ನೋಡುತ್ತಿದ್ದ, ಆಮೇಲೆ ಈ ಸಾಲಿಗೆ ನೀರು ಬೇಕೋ ಬೇಡವೋ ತೀರ್ಮಾನ ಮಾಡುತ್ತಿದ್ದ. ಅವನ ತೀರ್ಮಾನ ತಪ್ಪಿದ್ದು ನಾಗರತ್ನಳಿಗೆ ನೆನಪಿಲ್ಲ.

ಹದಿಮೂರು ವರ್ಷದಲ್ಲಿ ಹಿತ್ತಲು ಸಾಲದೆ ರಸ್ತೆ ಬದಿಯ ಜಮೀನಿಗೆ ಬಂದದ್ದಾಯಿತು, ಚಪ್ಪರ ನಾಲ್ಕಾದವು, ಕೆಲಸದವರು ಇಪ್ಪತ್ತೆರಡಾದರು. ಫೋನು ಬೆಳಗ್ಗೆ ಆರಕ್ಕೆ ಶುರುವಾದರೆ ಊಟಕ್ಕೂ ಬಿಡುತ್ತಿರಲಿಲ್ಲ. "ಒಬ್ಬ ಓದ್ದೋನ್ನ ಇಟ್ಕೊ ರತ್ನ. ಎಲ್ಲಾನೂ ನೀನೇ ಮೈಮೇಲೆ ಹಾಕ್ಕಂಡ್ರೆ ಹೆಂಗೆ?" ಎಂದು ಸೋಮೇಶನೇ ಹೇಳಿದ. ಹಾಗೆ ಬಂದವನು ಸಾಗರ್. ಚಾಮರಾಜನಗರದ ಹುಡುಗ, ಕೃಷಿ ಡಿಪ್ಲೊಮಾ ಮಾಡಿದ್ದ, ಇಪ್ಪತ್ತೇಳು ವಯಸ್ಸು. ಇಸ್ತ್ರಿ ಮಾಡಿದ ಶರ್ಟು, ಬಗಲಲ್ಲಿ ಲ್ಯಾಪ್‌ಟಾಪು. ಮೊದಲ ದಿನವೇ ನಾಗರತ್ನ ಅವನಿಗೆ ಹೇಳಿದ ಮಾತು ಒಂದೇ: "ಬೇಸಿಗೇಲಿ ನಂಗೆ ಈಗಿನ ಎರಡರಷ್ಟು ಟ್ರೇ ಆಗ್ಬೇಕು ಸಾಗರ್. ಹೆಂಗ್ ಮಾಡ್ತೀರೊ ನೋಡಿ."

ಅವನು ನೋಡಿದ. ಆರ್ಡರುಗಳೆಲ್ಲ ಕಂಪ್ಯೂಟರಿಗೆ ಹೋದವು. ಚಪ್ಪರದೊಳಗೆ ತುಂತುರು ನೀರಿನ ಪೈಪು, ಅದಕ್ಕೆ ಗಂಟೆಗೊಮ್ಮೆ ತಾನಾಗಿ ಚಾಲೂ ಆಗುವ ಟೈಮರು ಬಂತು. ಬೀರಯ್ಯನನ್ನು ಟೆಂಪೊಗೆ ಟ್ರೇ ಹೊರುವ ಕೆಲಸಕ್ಕೆ ಹಾಕಿದ್ದಾಯಿತು. ನಾಗರತ್ನ ಗೇಟಿನ ಪಕ್ಕದ ಆಫೀಸು ಕೋಣೆಗೆ ಬಂದು ಕೂತಳು. ಫ್ಯಾನಿನ ಕೆಳಗೆ ಕೂತು ಫೋನಿನಲ್ಲಿ ಮಾತಾಡುವುದು ಹಿತವಾಗಿತ್ತು. ಇಷ್ಟು ವರ್ಷ ಸೊಂಟ ಬಗ್ಗಿಸಿದವಳಿಗೆ ಅಷ್ಟು ಹಿತ ಸಲ್ಲಬೇಕಾದದ್ದೇ ಎಂದುಕೊಂಡಳು.

ಸಂಕ್ರಾಂತಿ ಕಳೆದ ವಾರ ಸಾಗರ್ ಬೀಜ ಹಾಕುವ ಚಪ್ಪರದಲ್ಲಿ ಒಂದು ಬಿಳಿ ಬೋರ್ಡು ತಗುಲಿಹಾಕಿದ. ಅದರಲ್ಲಿ ಹನ್ನೆರಡು ಹೆಂಗಸರ ಹೆಸರು. ಯಾರು ದಿನಕ್ಕೆ ಹೆಚ್ಚು ಟ್ರೇ ಮುಗಿಸುತ್ತಾರೋ ಅವರ ಹೆಸರು ಮೇಲೆ, ಕಡಿಮೆ ಮುಗಿಸಿದವರದು ಕೆಳಗೆ, ಕೆಂಪು ಶಾಯಿಯಲ್ಲಿ. ಪ್ರತಿ ಶನಿವಾರ ಎಲ್ಲರೆದುರು ಓದುತ್ತಿದ್ದ. ಎಂಟು ಶನಿವಾರ ಸಣ್ಣಮ್ಮನ ಹೆಸರು ಕೆಂಪಿನಲ್ಲೇ ಇತ್ತು. ಎಂಟನೆಯ ಶನಿವಾರ ಅವನು, "ಹಳಬರು ಅಂತ ಎಷ್ಟು ದಿನ ಸುಮ್ನಿರೋದು? ಹೊಸಬರೇ ನಿಮಗಿಂತ ಮುಂದಿದ್ದಾರೆ," ಅಂದ. ಸಣ್ಣಮ್ಮ ಕೈಯಲ್ಲಿದ್ದ ಟ್ರೇ ಮುಗಿಸಿದಳು. ತಾನು ಕೂತಿದ್ದ ಗೋಣಿಚೀಲವನ್ನು ಕೊಡವಿ ಮಡಿಸಿಟ್ಟಳು. ಸೋಮವಾರ ಬರಲಿಲ್ಲ. ಮಗಳ ಮನೆಗೆ ಚಂದಕವಾಡಿಗೆ ಹೋದಳಂತೆ ಎಂದು ಸುದ್ದಿ ಬಂತು. ಮುಂದಿನ ಹದಿನೈದು ದಿನದಲ್ಲಿ ಇನ್ನೂ ಏಳು ಜನ ಒಬ್ಬೊಬ್ಬರಾಗಿ ಬಿಟ್ಟರು. ಒಬ್ಬಳಿಗೆ ಮೈ ಸರಿಯಿಲ್ಲ, ಒಬ್ಬಳಿಗೆ ತಮ್ಮನ ಮದುವೆ, ಇನ್ನೊಬ್ಬಳು ಕಾರಣವನ್ನೂ ಹೇಳಲಿಲ್ಲ.

ಮೇಸ್ತ್ರಿಯೊಬ್ಬನ ಮೂಲಕ ಹೊಸಬರು ಬಂದರು. ಬೋರ್ಡಿನ ಮೇಲೆ ಟ್ರೇಗಳ ಲೆಕ್ಕ ಏರಿತು. ಸಾಗರ್ ಖುಷಿಯಾಗಿದ್ದ.

ಯುಗಾದಿಯಾದ ಮೇಲೆ ಚೆಂಡು ಹೂವಿನ ಸಸಿಗೆ ಜನ ಮುಗಿಬೀಳುವ ಕಾಲ. ಆ ವರ್ಷ ಒಯ್ದ ರೈತರು ಒಬ್ಬೊಬ್ಬರಾಗಿ ಹಿಂದಕ್ಕೆ ಬರತೊಡಗಿದರು. ಬಸವಣ್ಣ ಎಂಬ ರೈತ, ಮೊದಲ ಇನ್ನೂರು ಟ್ರೇಯ ಕಾಲದಿಂದಲೂ ಅವಳಲ್ಲೇ ಸಸಿ ಒಯ್ಯುತ್ತಿದ್ದವರು, ಒಂದು ಟ್ರೇಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು ಆಫೀಸಿನ ಮೇಜಿನ ಮೇಲೆ ಇಟ್ಟರು.

"ನೋಡವ್ವ, ಹಲ್ಲುದುರಿದ ಬಾಯಿ ಇದ್ದಂಗದೆ. ಇಲ್ಲಿ ಖಾಲಿ, ಇಲ್ಲಿ ಖಾಲಿ. ಇಲ್ನೋಡು, ಒಂದೇ ಕುಳೀಲಿ ಮೂರು. ನಿನ್ ಸಸಿ ಹಿಂಗೆ ಯಾವತ್ತಿತ್ತು?"

ನಾಗರತ್ನ ಬೇರೆ ಟ್ರೇ ಕೊಟ್ಟು ಕಳಿಸಿದಳು. ಅದೇ ವಾರ ನಾಲ್ಕು ದಿನ ಮೋಡ ಮುಸುಕಿಕೊಂಡಿತು. ಟೈಮರಿಗೆ ಮೋಡ ಗೊತ್ತಾಗುವುದಿಲ್ಲ. ಅದು ಗಂಟೆಗೊಮ್ಮೆ ನೀರು ಬಿಟ್ಟಿತು. ಐದನೆಯ ದಿನ ಮೆಣಸಿನ ಚಪ್ಪರದಲ್ಲಿ ಸಸಿಗಳು ಬುಡ ಕೊಳೆತು ಸಾಲಿಗೆ ಸಾಲೇ ಮಲಗಿದ್ದವು. ಅವನ್ನು ಕಿತ್ತು ಗುಂಡಿಗೆ ಹಾಕುವಾಗ ಬೀರಯ್ಯನೂ ಇದ್ದ. ನಾಗರತ್ನಳ ಮುಖವನ್ನು ಒಮ್ಮೆ ನೋಡಿ, ಖಾಲಿ ಟ್ರೇಗಳನ್ನು ಹೊತ್ತುಕೊಂಡು ಹೋದ. ಆ ನೋಟಕ್ಕೆ ನಾಗರತ್ನಳಿಗೆ ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಅವಳು ಆಫೀಸಿನ ಬೀಗ ತೆಗೆಯಲಿಲ್ಲ. ಫೋನನ್ನು ಸೋಮೇಶನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಬೀಜ ಹಾಕುವವರ ಸಾಲಿನಲ್ಲಿ ಹೋಗಿ ಕೂತಳು. ಪಕ್ಕದಲ್ಲಿ ಹಳಬರಲ್ಲಿ ಉಳಿದಿದ್ದ ಯಶೋದಮ್ಮ. ನಾಗರತ್ನ ಒಂದೂವರೆ ವರ್ಷದಿಂದ ಬೀಜ ಮುಟ್ಟಿರಲಿಲ್ಲ. ಮೊದಲ ಟ್ರೇ ಮುಗಿಸುವಷ್ಟರಲ್ಲಿ ಕತ್ತು ನೋಯಿತು. ಹತ್ತು ಗಂಟೆಗೆ ಪಕ್ಕದ ಹೊಸ ಹುಡುಗಿ ಬೋರ್ಡಿನ ಕಡೆ ನೋಡಿ ಕೈ ಜೋರು ಮಾಡಿದಳು. ಬೀಜ ಎಲ್ಲೆಂದರಲ್ಲಿ ಬಿತ್ತು. ಆ ಹುಡುಗಿಯ ಟ್ರೇಯನ್ನು ನೋಡಿ ಸರಿ ಮಾಡುವವರು ಯಾರೂ ಇರಲಿಲ್ಲ.

"ಮುಂಚೆ ಇದ್ನೆಲ್ಲ ಯಾರ್ ನೋಡ್ತಿದ್ರು ಯಶೋದಮ್ಮ?" ಎಂದು ಕೇಳಿದಳು.

"ಇನ್ಯಾರು? ಸಣ್ಣಮ್ಮ. ತನ್ ಟ್ರೇ ಬುಟ್ಟು ನಮ್ ಟ್ರೇ ತಿದ್ತಿದ್ಲು. ಹೊಸ್ಬರು ಬಂದ್ರೆ ಅವ್ರ ಬೆರಳ ಹಿಡ್ಕಂಡು ತೋರುಸ್ತಿದ್ಲು. ಅವಳ ಲೆಕ್ಕ ಎಲ್ಲಿಂದ ಏರಬೇಕು ಹೇಳಿ?"

ನಾಗರತ್ನ ಆ ಹುಡುಗಿಯ ಟ್ರೇಯನ್ನು ಎಳೆದುಕೊಂಡು ತಾನೇ ತಿದ್ದತೊಡಗಿದಳು.

ಸಂಜೆ ಇನ್ನೊಂದು ತಿಳಿಯಿತು. ಐದೂ ಹತ್ತಕ್ಕೆ ಗೇಟಿನ ಮುಂದೆ ಒಂದು ಬಸ್ಸು ಬರುತ್ತದೆ. ಅದು ತಪ್ಪಿದರೆ ಮುಂದಿನದು ಏಳಕ್ಕೆ. ಸಾಗರ್ ಟ್ರೇ ಎಣಿಸಿ ಮುಗಿಸುವಾಗ ಐದೂವರೆ. ಬೋರ್ಡು ಬಂದಾಗಿನಿಂದ ಹೆಂಗಸರು ಮೂರು ಮೈಲಿ ನಡೆದು ಮನೆಗೆ ಹೋಗುತ್ತಿದ್ದರು. ಯಾಕೆ ಹೇಳಲಿಲ್ಲ ಎಂದರೆ ಯಶೋದಮ್ಮ, "ಆಪೀಸ್ನಲ್ಲಿ ನೀವು ಫೋನಲ್ಲಿರ್ತಿದ್ರಿ," ಅಂದಳು. ಅದರಲ್ಲಿ ಚುಚ್ಚುವ ದನಿಯೇನೂ ಇರಲಿಲ್ಲ.

ಭಾನುವಾರ ನಾಗರತ್ನ ಚಂದಕವಾಡಿಗೆ ಹೊರಟಳು. "ಬೈಕಲ್ಲಿ ಬಿಡ್ತೀನಿ," ಅಂದ ಸೋಮೇಶ್. "ಬ್ಯಾಡ ಬುಡಿ. ಇದು ನಾನೇ ಹೋಗ್ಬೇಕಾದ ಕೆಲ್ಸ," ಅಂದಳು. ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಕೊಂಡು, ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿದಳು. ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕೂಲಿ ಇಷ್ಟು ಏರಿಸುತ್ತೇನೆ, ಹಬ್ಬಕ್ಕೆ ಸೀರೆ ಕೊಡುತ್ತೇನೆ. ಚಂದಕವಾಡಿಯಲ್ಲಿ ಇಳಿಯುವಾಗ ಅದೆಲ್ಲ ಸಪ್ಪೆ ಅನಿಸಿತು.

ಸಣ್ಣಮ್ಮನ ಮಗಳು ರಮ್ಯ ಬಾಗಿಲು ತೆಗೆದು ಗಾಬರಿಯಾದಳು. ಅವ್ವ ಅರಿಸಿನದ ಕಣದಲ್ಲಿದ್ದಾಳೆ ಎಂದು ಕರೆದುಕೊಂಡು ಹೋದಳು. ಅಲ್ಲಿ ಬೇಯಿಸಿ ಒಣಗಿಸಿದ ಅರಿಸಿನದ ರಾಶಿ. ನಾಲ್ಕೈದು ಹೆಂಗಸರು ಕೂತು ಉದ್ದನೆಯ ಅರಿಸಿನ ಕೊಂಬು ಒಂದು ಕಡೆಗೆ, ಗುಂಡನೆಯ ಗಡ್ಡೆ ಇನ್ನೊಂದು ಕಡೆಗೆ ಆರಿಸುತ್ತಿದ್ದರು. ಸಣ್ಣಮ್ಮನ ಕೈ, ಸೆರಗು, ಹಣೆ ಎಲ್ಲ ಹಳದಿ.

"ಅಯ್ಯೋ ಅವ್ವಾರೇ! ಯಾರ್ಗಾದ್ರೂ ಉಸಾರಿಲ್ವಾ?" ಎಂದು ಎದ್ದುಬಿಟ್ಟಳು.

"ಎಲ್ರೂ ಚೆನ್ನಾಗವ್ರೆ. ಕುಂತ್ಕೊ. ನಿನ್ನ ನೋಡನ ಅಂತ ಬಂದೆ."

ನಾಗರತ್ನ ಹೂವು ಹಣ್ಣು ರಮ್ಯಳ ಕೈಗೆ ಕೊಟ್ಟು, ಸಣ್ಣಮ್ಮನ ಎದುರಿಗೆ ನೆಲದ ಮೇಲೆ ಕೂತಳು. ಸುಮ್ಮನೆ ಕೂರಲಾರದೆ ಅವಳೂ ಅರಿಸಿನ ಆರಿಸತೊಡಗಿದಳು. ಸ್ವಲ್ಪ ಹೊತ್ತು ಮಳೆ, ರಮ್ಯಳ ಗಂಡನ ಕೆಲಸ, ಮೊಮ್ಮಗುವಿನ ಹಲ್ಲು ಎಂದು ಮಾತಾಯಿತು. ಆಮೇಲೆ ಸಣ್ಣಮ್ಮನೇ ತಲೆ ಬಗ್ಗಿಸಿಕೊಂಡು ಹೇಳಿದಳು.

"ಅವ್ವಾ, ಒಂದ್ ಮಾತ್ ಕೇಳ್ಲಾ? ಬೇಜಾರ್ ಮಾಡ್ಕಬಾರ್ದು."

"ಕೇಳು."

"ನಾನಿದ್ದಾಗ ಆ ಬೋಲ್ಡು ಎಂಟು ವಾರ ಇತ್ತು. ಒಂದ್ ದಿಸನಾದ್ರೂ ನೀವು ಒಳಿಕ್ ಬಂದು ಅದ್ರ ಮುಂದೆ ನಿಂತ್ಕಂಡ್ರಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ನಾಗರತ್ನ ಹಾಗನ್ನಲಿಲ್ಲ. "ನಿಂತ್ಕಂಡಿದ್ದೆ ಸಣ್ಣಮ್ಮ. ಒಂದಿನ ಬಂದಿದ್ದೆ. ನಿನ್ ಹೆಸ್ರು ಕೆಳಗಿತ್ತು. ವಯಸ್ಸಾಯ್ತು ಇವಳ್ಗೆ ಅಂದ್ಕಂಡು ಹೊರಟೋದೆ."

ಸಣ್ಣಮ್ಮನ ಕೈ ರಾಶಿಯ ಮೇಲೆ ನಿಂತಿತು. ಆಮೇಲೆ ಅವಳು ಮೂಗಿನಲ್ಲೇ ನಕ್ಕಳು.

"ವಯಸ್ಸಾಯ್ತು ಬುಡಿ. ಸುಳ್ಳೇನಲ್ಲ. ನೀವು ಬಂದೇ ಇಲ್ಲ ಅಂದಿದ್ರೆ ನಾನು ಇಲ್ಲೇ ಇದ್ಬುಡ್ತಿದ್ದೆ. ಆವತ್ತು ನೀವು ನಿಂತಿದ್ದು ನಾನು ನೋಡಿದ್ದೆ."

ನಾಗರತ್ನಳ ಕಣ್ಣು ತುಂಬಿತು. ಒರೆಸಿಕೊಳ್ಳಹೋಗಿ ಕೆನ್ನೆಗೆಲ್ಲ ಅರಿಸಿನ ಹತ್ತಿತು. ಅದನ್ನು ಕಂಡು ರಮ್ಯ ನಕ್ಕಳು, ಹೆಂಗಸರೆಲ್ಲ ನಕ್ಕರು, ನಾಗರತ್ನಳೂ ನಕ್ಕಳು.

"ವಾಪಸ್ ಬಾ. ಬೋರ್ಡು ತೆಗಿತೀನಿ. ಆ ಹುಡ್ಗನ್ನೂ ಕಳಿಸ್ಬುಡ್ತೀನಿ."

"ಬೋಲ್ಡು ತಗೀರಿ. ಬೀರಣ್ಣನ ಕೈಗೆ ಪೈಪು ಕೊಡಿ. ಉಡ್ಗನ್ನ ಯಾಕ್ ಕಳ್ಸೀರಿ?" ಎಂದು ಸಣ್ಣಮ್ಮ ಮುಖ ಎತ್ತಿದಳು. "ಅವನ್ಗೇನ್ ಗೊತ್ತಿಲ್ಲ ಅಂದ್ಕಂಡ್ರಾ? ಓದ್ವರ್ಸ ಕೋಸಿನ ಎಲೆಗೆ ಚುಕ್ಕೆ ಬಂದಾಗ ನಮ್ಗ್ಯಾರ್ಗೂ ತಿಳೀನಿಲ್ಲ. ಅವ್ನು ಒಂದೇ ನೋಟಕ್ಕೆ ಇಂಥ ರೋಗ ಅಂತ ಏಳ್ಬುಟ್ಟ. ಬೆಳೆ ಮುಂದೆ ನಿಲ್ಸಿ ನೋಡಿ, ಮೊಕನೇ ಬ್ಯಾರೆ ಆಯ್ತದೆ. ಜನ್ರ ಮುಂದೆ ನಿಲ್ಸುದ್ರೆ ಎದರ್ಕತಾನೆ ಕಣವ್ವ. ಎದ್ರಿಕೆಗೇ ಅಂಗೆ ಕೂಗಾಡ್ತಾನೆ. ಅವನ್ನ ಒಲದ ಕಡೀಕ್ ಕಳ್ಸಿ."

ತಾನು ಒಂದೂವರೆ ವರ್ಷ ದಿನವೂ ಎದುರಿಗೆ ಕೂರಿಸಿಕೊಂಡಿದ್ದ ಹುಡುಗನನ್ನು ಸಾಲಿನ ಕೊನೆಯಲ್ಲಿ ಕೂತ ಸಣ್ಣಮ್ಮ ಇಷ್ಟು ಓದಿಕೊಂಡಿದ್ದಾಳಲ್ಲ ಎಂದು ನಾಗರತ್ನಳಿಗೆ ಆಶ್ಚರ್ಯವಾಯಿತು.

"ಹಂಗಾದ್ರೆ ನಾಳೇನೆ ಬತ್ತೀಯಾ?"

"ನಾಳೆ ಎಂಗ್ ಬರನ? ಈ ರಾಸಿ ಮುಗಿಸ್ಕೊಡ್ತೀನಿ ಅಂತ ಕಣದೋರ್ಗೆ ಮಾತ್ ಕೊಟ್ಟಿವ್ನಿ. ಇನ್ನು ಅತ್ತು ದಿಸ ಆಯ್ತದೆ."

ಸಸಿ ಕಾಲದಲ್ಲಿ ಹತ್ತು ದಿನವೆಂದರೆ ಸಣ್ಣದಲ್ಲ. ಒತ್ತಾಯ ಮಾಡಬೇಕೆಂದು ನಾಗರತ್ನಳ ನಾಲಿಗೆ ತುದಿಗೆ ಬಂತು. ಮಾತು ಉಳಿಸಿಕೊಳ್ಳುವವಳೆಂದೇ ತಾನೆ ಇವಳನ್ನು ಹುಡುಕಿಕೊಂಡು ಬಂದದ್ದು ಎಂದು ಹೊಳೆದು ಸುಮ್ಮನಾದಳು. ರಮ್ಯಳ ಮನೆಯಲ್ಲಿ ಮುದ್ದೆ, ಉಪ್ಸಾರು ಉಂಡು, ಮೂರರ ಬಸ್ಸಿಗೆ ಹೊರಟಳು.

ಸೋಮವಾರ ಬೆಳಗ್ಗೆ ಸಾಗರನನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ಅವನ ಮುಖ ಕೆಂಪಾಯಿತು.

"ನನ್ನ ಕೆಲಸದಿಂದ ತೆಗೀತಿದ್ದೀರಾ ಮೇಡಂ?"

"ಇಲ್ಲ."

"ನೀವೇ ಹೇಳಿದ್ರಿ, ಎರಡರಷ್ಟು ಟ್ರೇ ಆಗ್ಬೇಕು ಅಂತ. ನಾನು ಅದನ್ನೇ ಮಾಡ್ದೆ."

"ಹೌದು. ಹೇಳ್ದೋಳು ನಾನೇ. ಟ್ರೇ ಕೇಳ್ದೆ, ಟ್ರೇಲಿ ಸಸಿ ಇರ್ಬೇಕು ಅಂತ ಹೇಳೋದ್ ಮರೆತೆ. ಆ ತಪ್ಪು ನಂದು. ಜನರ ಮುಂದೆ ಹಂಗೆ ಮಾತಾಡಿದ್ದು ನಿಮ್ದು."

ಸಾಗರ್ ಸಣ್ಣ ದನಿಯಲ್ಲಿ, "ಅವ್ರೆಲ್ಲ ನನ್ನ ನೋಡಿ ನಗ್ತಾರೇನೋ ಅನಿಸ್ತಿತ್ತು ಮೇಡಂ. ನನ್ನ ತಾಯಿ ವಯಸ್ಸಿನೋರು. ಹೇಗೆ ಮಾತಾಡ್ಸೋದು ಗೊತ್ತಾಗ್ಲಿಲ್ಲ," ಅಂದ. ತಾನೇ ಎದ್ದು ಹೋಗಿ ಬೋರ್ಡು ಇಳಿಸಿದ.

ಬೀರಯ್ಯನಿಗೆ ನಾಗರತ್ನ ಕೈಸನ್ನೆ ಮಾಡಿ ಟೈಮರನ್ನು ತೋರಿಸಿದಳು, ಬಟನ್ ಒತ್ತಿ ಆರಿಸಿದಳು, ಪೈಪು ಎತ್ತಿ ಅವನ ಕೈಗೆ ಕೊಟ್ಟಳು. ಅವನು ಪೈಪಿನ ತುದಿಯ ಜಾಲರಿ ಬಿಚ್ಚಿ, ಕಟ್ಟಿಕೊಂಡಿದ್ದ ಕಸವನ್ನು ಊದಿ ತೆಗೆದು, ಮತ್ತೆ ತಿರುಗಿಸಿ, ಮೊದಲ ಸಾಲಿನ ಟ್ರೇಯೊಂದನ್ನು ಎತ್ತಿ ನೋಡಿದ. ಆ ದಿನ ನೀರು ಬಿಡಲಿಲ್ಲ. ಬೇಕಾಗಿರಲಿಲ್ಲ.

ಹತ್ತು ದಿನ ಅಂದಿದ್ದ ಸಣ್ಣಮ್ಮ ಹನ್ನೊಂದನೆಯ ದಿನ ಬೆಳಗ್ಗೆ ಎಂಟಕ್ಕೆ ಗೇಟಿನಲ್ಲಿದ್ದಳು. ಅವಳ ಹಿಂದೆ ಬಿಟ್ಟುಹೋದವರಲ್ಲಿ ಐದು ಜನ. ಉಳಿದಿಬ್ಬರು ಬೇರೆ ಕಡೆ ಸೇರಿಕೊಂಡಿದ್ದರು. ಸಾಗರ್ ಎಲ್ಲಿ ನಿಲ್ಲಬೇಕೆಂದು ತೋಚದೆ ಬಾಗಿಲಲ್ಲಿ ನಿಂತಿದ್ದ. ಸಣ್ಣಮ್ಮ ನೇರ ಅವನ ಬಳಿ ಹೋಗಿ, "ಸಾರು, ನಮ್ ಬೀಗ್ರ ಒಲದಲ್ಲಿ ಬದನೆಗೆ ಇಂಗಾಗದೆ, ಏನ್ ರೋಗ ನೋಡಿ," ಎಂದು ಸೆರಗಿನ ಗಂಟು ಬಿಚ್ಚಿ ಮುದುಡಿದ ಎಲೆಯೊಂದನ್ನು ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದ. ಹತ್ತು ನಿಮಿಷ ಆ ಎಲೆಯ ಬಗ್ಗೆಯೇ ಹೇಳಿದ. ಹೆಂಗಸರು ಸುತ್ತ ನಿಂತು ಕೇಳಿದರು. ಕ್ಷಮೆ ಗಿಮೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆವತ್ತಿನಿಂದ ಕೆಲಸ ಐದಕ್ಕೆ ನಿಲ್ಲುತ್ತದೆ, ಅರ್ಧ ಟ್ರೇ ಉಳಿದಿದ್ದರೂ ಸರಿ. ಹೆಂಗಸರಿಗೆಂದು ಬಾವಿಯ ಪಕ್ಕ ಬಾಗಿಲು, ಚಿಲಕ, ನಲ್ಲಿ ಇರುವ ಬಚ್ಚಲು, ಕಕ್ಕಸು ಎದ್ದವು. ಅದು ಹತ್ತು ವರ್ಷ ಮೊದಲೇ ಆಗಬೇಕಿತ್ತೆಂದು ದೊಡ್ಡಮಲ್ಲಮ್ಮ ಸೊಸೆಗೆ ಬೈದರು. ವಾರಕ್ಕೆ ಎರಡು ದಿನ ನಾಗರತ್ನ ಸಾಲಿನಲ್ಲಿ ಕೂರುತ್ತಾಳೆ. ಅಲ್ಲಿ ಕೇಳುವ ಸುದ್ದಿ ಆಫೀಸಿನಲ್ಲಿ ಕೇಳುವುದಿಲ್ಲ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಮುಂದಿನ ತಿಂಗಳು ಒಂದು ವಾರ ರಜೆ ಬೇಕು, ಎಲ್ಲ ಮೊದಲೇ ಗೊತ್ತಾಗುತ್ತದೆ. ಬಿಟ್ಟುಹೋಗುತ್ತೇನೆ ಎನ್ನುವ ಮುಂಚೆಯೇ ಯಾಕೆ ಎಂದು ತಿಳಿಯುತ್ತದೆ.

ಸಾಗರ್ ಬೈಕು ಹತ್ತಿ ಸಸಿ ಒಯ್ದವರ ಹೊಲಗಳಿಗೆ ಹೋಗತೊಡಗಿದ. ಇಸ್ತ್ರಿ ಶರ್ಟು ಒಂದೇ ತಿಂಗಳಲ್ಲಿ ಮಾಯವಾಯಿತು. ನೆಟ್ಟ ಹದಿನೈದನೆಯ ದಿನ ಹೋಗಿ ಬುಡ ನೋಡುವುದು, ಎಲೆ ತಿರುವುವುದು, ಏನು ಸಿಂಪಡಿಸಬೇಕು, ಏನು ಬೇಡ ಎಂದು ಹೇಳುವುದು. ಶುಂಠಿ, ತರಕಾರಿ ಬೆಳೆಯುವ ಮಲಯಾಳಿಗಳ ಜೊತೆ ಹರಕುಮುರುಕು ಮಲಯಾಳದಲ್ಲಿ ಮಾತಾಡುವುದನ್ನೂ ಕಲಿತ. ಸಿಟ್ಟಾಗಿ ಹೋಗಿದ್ದ ಬಸವಣ್ಣನವರೇ ಮುಂದಿನ ಬೆಳೆಗೆ, "ನಿಮ್ ಡಾಕ್ಟ್ರನ್ನ ಕಳ್ಸವ್ವ," ಎಂದು ಫೋನು ಮಾಡಿದರು. ವರ್ಷ ಕಳೆಯುವುದರೊಳಗೆ ಮೈಸೂರಿನ ಬೀಜದ ಕಂಪನಿಯೊಂದು ಅವನನ್ನು ಕರೆಯಿತು. ಅವನು ಮುಚ್ಚಿಡದೆ ಬಂದು ಹೇಳಿದ. ಅವರು ಕೊಡುವಷ್ಟು ಸಂಬಳ ನಾಗರತ್ನಳ ಕೈಲಾಗದು. ಅದನ್ನೂ ಅವಳು ಮುಚ್ಚಿಡಲಿಲ್ಲ.

"ಹೋಗೋದಾದ್ರೆ ಸಂತೋಷವಾಗಿ ಕಳಿಸ್ಕೊಡ್ತೀನಿ. ಇರೋದಾದ್ರೆ ಹಿಂದಿನ ಅರ್ಧ ಎಕರೆ ನಿಮ್ದು. ಯಾವ ತಳಿ ಬೇಕೊ ಹಾಕಿ ನೋಡಿ. ಬಂದಿದ್ದನ್ನೆಲ್ಲ ನಾನು ಕೇಳಲ್ಲ, ಕಲ್ತಿದ್ದು ಮಾತ್ರ ನಮಗೂ ಹೇಳಿ."

ಸಾಗರ್ ಎರಡು ದಿನ ಯೋಚಿಸಿದ. ಮೂರನೆಯ ದಿನ ಅರ್ಧ ಎಕರೆಗೆ ಬೇಲಿ ಹಾಕಿಸಲು ಕಂಬ ಎಷ್ಟು ಬೇಕೆಂದು ಬಂದು ಕೇಳಿದ.

ಈ ವರ್ಷ ಬೇಸಿಗೆಗೆ ಇನ್ನೊಬ್ಬರು ಬೇಕಾಯಿತು. ಸುದ್ದಿ ಹಬ್ಬಿ ಇಬ್ಬರು ಬಂದರು. ಒಬ್ಬಳು ಚಾಮುಂಡಿ, ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದ ಚುರುಕಿನ ಹೆಣ್ಣು. ಇನ್ನೊಬ್ಬಳು ಮೀನಾ, ತೆರಕಣಾಂಬಿಯವಳು, ಮಾತು ಕಡಿಮೆ. ಇಬ್ಬರಿಗೂ ಒಂದೊಂದು ಟ್ರೇ, ಒಂದು ಚಿಟಿಕೆ ಚೆಂಡು ಹೂವಿನ ಬೀಜ ಕೊಟ್ಟು ಸಣ್ಣಮ್ಮ ಎದುರಿಗೆ ಕೂತಳು. ಚಾಮುಂಡಿಯ ಬೆರಳು ಮಿಷನ್ನಿನಂತೆ ಓಡಿತು. ಅವಳು ಮುಗಿಸಿ ಕೈ ಕೊಡವಿದಾಗ ಮೀನಾ ಇನ್ನೂ ಅರ್ಧದಲ್ಲಿದ್ದಳು. ದೂರದಿಂದ ನೋಡುತ್ತಿದ್ದ ನಾಗರತ್ನ ಮನಸ್ಸಿನಲ್ಲೇ ಚಾಮುಂಡಿ ಎಂದು ತೀರ್ಮಾನಿಸಿದಳು. ನಾಳೆ ಹೇಳುತ್ತೇವೆ ಎಂದು ಇಬ್ಬರನ್ನೂ ಕಳಿಸಿದರು.

ಕಾಲು ಗಂಟೆಯಾಗಿರಬೇಕು. ಮೀನಾ ಗೇಟು ದೂಡಿಕೊಂಡು ಒಳಗೆ ಬಂದಳು. ಮುಖ ಬೆವೆತಿತ್ತು.

"ಏನಮ್ಮಿ, ಬಸ್ ತಪ್ಪೋಯ್ತಾ?" ಅಂದಳು ಸಣ್ಣಮ್ಮ.

"ಇಲ್ಲ ಕಣಕ್ಕ. ಬಸ್ ಬಂದಿತ್ತು, ಹತ್ನಿಲ್ಲ. ಮೂರ್ನೇ ಸಾಲಲ್ಲಿ ಒಂದ್ ಕುಳಿಗೆ ಬೀಜ ಬಿಡ್ನಿಲ್ಲ ಅನ್ಸುತ್ತೆ. ನೋಡ್ಬುಟ್ಟು ಹೋಗನ ಅಂತ ಬಂದೆ."

ಸಣ್ಣಮ್ಮ ಟ್ರೇ ತಂದು ಮುಂದಿಟ್ಟಳು. ಮೀನಾ ಬೆರಳಿಂದ ಪುಡಿ ಸರಿಸಿ ನೋಡಿದಳು. ಕುಳಿ ಖಾಲಿಯಿತ್ತು. ಸಣ್ಣಮ್ಮ ತನ್ನ ಬಟ್ಟಲಿಂದ ಒಂದು ಬೀಜ ಕೊಟ್ಟಳು. ಮೀನಾ ಅದನ್ನು ಇಟ್ಟು, ಪುಡಿ ಮುಚ್ಚಿ, ಎದ್ದಳು.

ಸಣ್ಣಮ್ಮ ನಾಗರತ್ನಳ ಕಡೆ ತಿರುಗಿ ನೋಡಲಿಲ್ಲ, ಕೇಳಲೂ ಇಲ್ಲ. "ಸ್ವಾಮಾರದಿಂದ ಬಾ ಕಣಮ್ಮಿ. ಎಂಟಕ್ಕೆ," ಅಂದಳು. ಆಮೇಲೆ ಏನೋ ನೆನಪಾದವಳಂತೆ, "ಆ ಚಾಮುಂಡೀನೂ ಸಿಕ್ಕುದ್ರೆ ಬಾ ಅಂತೇಳು. ಟ್ರೇ ಕಟ್ಟಿ ಟೆಂಪೊಗೆ ಏರ್ಸಕ್ಕೆ ಅಂಥ ಜೋರಿನ ಕೈ ಬೇಕು," ಅಂದಳು.

ನಾಗರತ್ನ ತೆರೆದ ಬಾಯಿ ಮುಚ್ಚಿಕೊಂಡಳು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗೆ ಹೋಗಿ ಮೂರು ಲೋಟಕ್ಕೆ ಕಾಫಿ ಬಗ್ಗಿಸಿ ತಂದು, ಮೀನಾಳಿಗೊಂದು, ಸಣ್ಣಮ್ಮನಿಗೊಂದು ಕೊಟ್ಟು, ತನ್ನದನ್ನು ಹಿಡಿದು ಅವರ ಪಕ್ಕದಲ್ಲೇ ಗೋಣಿಚೀಲದ ಮೇಲೆ ಕೂತಳು.